ಇಪ್ಪತ್ತು ಗುಂಟೆ ಮಾರಿ ಎಂಜಿನಿಯರಿಂಗ್ ಸೀಟು ತಗೋಬೇಕಾ? ಇಟ್ಟಮಡುವಿನ ಒಂದು ರೂಮಿನಲ್ಲಿ ನಾವು ಕೇಳಿದ್ದು

ಸಿಇಟಿ ಮುಗಿದ ವಾರ ನಮ್ಮ ಚಿಕ್ಕಪ್ಪ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು. "ಹುಡುಗನ ಪರೀಕ್ಷೆ ಮುಗೀತು ಕಣಪ್ಪಾ. ರ‍್ಯಾಂಕ್ ಎಷ್ಟು ಬರುತ್ತೋ ಏನೋ. ಬೆಂಗಳೂರಲ್ಲಿ ಒಬ್ಬರು ಸಿಕ್ಕಿದ್ದಾರೆ, ಕಂಪ್ಯೂಟರ್ ಸೈನ್ಸ್ ಸೀಟು ಕೊಡಿಸ್ತಾರಂತೆ. ಎಲ್ಲಾ ಸೇರಿ ನಾಲ್ಕು ವರ್ಷಕ್ಕೆ 14 ಲಕ್ಷ. ರೋಡ್ ಪಕ್ಕದ ಇಪ್ಪತ್ತು ಗುಂಟೆ ಕೊಟ್ಟುಬಿಡೋಣ ಅಂತಿದೀನಿ. ನೀನು ಪೇಪರ್‌ನವನು, ನಾಲ್ಕು ಕಡೆ ಓಡಾಡಿದವನು. ಏನಂತೀಯ?"

ನಮಗೆ ತಕ್ಷಣ ಏನೂ ಹೇಳೋಕಾಗಲಿಲ್ಲ. ಬೇಡ ಅಂದರೆ ನಾಳೆ ಹುಡುಗನ ಭವಿಷ್ಯ ಹಾಳುಮಾಡಿದ ಹೆಸರು ನಮಗೇ ಬರುತ್ತದೆ. ಹೂಂ ಅಂದರೆ ಮಧುಗಿರಿ ಕಡೆಯ ಆ ಒಣಭೂಮಿಯಲ್ಲಿ ಬೋರ್‌ವೆಲ್ ನೀರು ಬರುವ ತುಂಡು ಅದೊಂದೇ ಇರುವುದು. ಒಂದು ವಾರ ತಡೀರಿ ಅಂದೆವು. ಆ ವಾರದಲ್ಲಿ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಬೆಂಗಳೂರಿನ ಇಟ್ಟಮಡುವಿಗೆ ಹೋಗಿಬಂದೆವು. ಅಲ್ಲಿ ನೋಡಿದ್ದು, ಕೇಳಿದ್ದು, ನಮಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ತಿಂಗಳು ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಇರಬಹುದು.

ಇಟ್ಟಮಡು ಯಾಕೆ?

ಇಟ್ಟಮಡು ಬನಶಂಕರಿ 3ನೇ ಹಂತದಲ್ಲಿದೆ. ಒಂದು ಕಾಲಕ್ಕೆ ಅದೂ ಹಳ್ಳಿಯೇ. ಈಗ ಸಂದಿಗೊಂದು ಮನೆ, ಮನೆಗೆ ಮೂರು ಮಹಡಿ, ಮಹಡಿಗೆರಡು ರೂಮು. ಹತ್ತಿರದಲ್ಲೇ ಹೊಸಕೆರೆಹಳ್ಳಿಯ ರಿಂಗ್ ರೋಡಿನಲ್ಲಿ ಪಿಇಎಸ್ ವಿಶ್ವವಿದ್ಯಾಲಯ ಇದೆ. ಬಸವನಗುಡಿ ಕಡೆ ಹೋದರೆ 1946ರಲ್ಲಿ ಶುರುವಾದ ಬಿಎಂಎಸ್ ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಹೀಗಾಗಿ ಎಂಜಿನಿಯರ್ ಆಗಬೇಕು ಅಂತ ಊರು ಬಿಟ್ಟು ಬಂದ ಹುಡುಗರು ಈ ಸುತ್ತಮುತ್ತಲಿನ ರೂಮುಗಳಲ್ಲಿ ತುಂಬಿದ್ದಾರೆ.

ಕಾರ್ಖಾನೆಗೆ ಹೋಗುವವರಿಗೂ ಇದು ಅನುಕೂಲದ ಜಾಗ. ಬನಶಂಕರಿಗೆ ಬಸ್ಸಿನಲ್ಲಿ ಹೋಗಿ ಹಸಿರು ಮೆಟ್ರೊ ಹತ್ತಿದರೆ ನೇರ ಪೀಣ್ಯ. ಅದೇ ಹಸಿರು ಮೆಟ್ರೊದಲ್ಲಿ ಆರ್.ವಿ. ರಸ್ತೆಗೆ ಹೋಗಿ ಹಳದಿ ಮೆಟ್ರೊ ಹಿಡಿದರೆ ಬೊಮ್ಮಸಂದ್ರ, ಅದು 2025ರ ಆಗಸ್ಟ್‌ನಿಂದ ಓಡುತ್ತಿದೆ. ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆ ಹಿಡಿದರೆ ಬಿಡದಿ. ಒಂದೇ ರೂಮಿನ ಹುಡುಗರು ಬೆಳಿಗ್ಗೆ ಎದ್ದು ಮೂರು ದಿಕ್ಕಿನ ಕಾರ್ಖಾನೆಗಳಿಗೆ ಹೋಗಿ ರಾತ್ರಿ ಬಂದು ಒಂದೇ ಕುಕ್ಕರಿನ ಅನ್ನ ಉಣ್ಣುತ್ತಾರೆ.

ನಾವು ಹೋದ ರೂಮಿನಲ್ಲಿ ನಮ್ಮ ಕಡೆಯ ನಾಲ್ವರಿದ್ದಾರೆ. ಹೆಸರು ಹಾಕಬೇಡಿ ಅಂದರು, ಹಾಕುವುದಿಲ್ಲ.

ಒಬ್ಬನದು ಬಿಇ ಕಂಪ್ಯೂಟರ್ ಸೈನ್ಸ್. ಖಾಸಗಿ ಕಾಲೇಜು, ಮ್ಯಾನೇಜ್‌ಮೆಂಟ್ ಸೀಟು. ಮುಗಿಸಿ ಎರಡು ವರ್ಷ ಆಯಿತು. ಎರಡು ವಿಷಯ ಉಳಿದಿದ್ದವು, ಅವನ್ನು ಕಟ್ಟಿ ಪಾಸು ಮಾಡುವ ಹೊತ್ತಿಗೆ ಕ್ಯಾಂಪಸ್‌ಗೆ ಬಂದ ಕಂಪನಿಗಳು ಹೋಗಿದ್ದವು. ಈಗ ಬೈಕಿನಲ್ಲಿ ಊಟದ ಪಾರ್ಸೆಲ್ ತಲುಪಿಸುತ್ತಾನೆ. ಊರಿಗೆ ಫೋನ್ ಮಾಡಿದಾಗ "ಕಂಪನೀಲಿ ಟ್ರೇನಿಂಗ್ ನಡೀತಿದೆ" ಅನ್ನುತ್ತಾನಂತೆ. ಇದನ್ನು ಅವನೇ ಹೇಳಿದ, ನಗುತ್ತಲೇ ಹೇಳಿದ. ಚಿಕ್ಕಪ್ಪನ ಮಗ ಮಾತ್ರ ನಗಲಿಲ್ಲ.

ಇನ್ನೊಬ್ಬ ಐಟಿಐ ಟರ್ನರ್. ಪೀಣ್ಯದಲ್ಲಿ ಸಿಎನ್‌ಸಿ ಮಷಿನ್ ಮೇಲೆ ಕೆಲಸ. ಮೊದಲ ಎರಡು ವರ್ಷ ಬೇರೆ ಒಂದು ಕಡೆ 'ಟ್ರೈನಿ' ಅಂತ ದುಡಿಸಿಕೊಂಡರು, ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಬಿಡುವಾಗ ಒಂದು ಕಾಗದವೂ ಇಲ್ಲ. ಈಗಿನ ಜಾಗದಲ್ಲಿ ಎರಡೂ ಇದೆ. ಓವರ್‌ಟೈಮ್ ಸೇರಿ ಕೈಗೆ 22 ಸಾವಿರ ಬರುತ್ತದೆ.

ಮೂರನೆಯವನು ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿದವನು. ಬೊಮ್ಮಸಂದ್ರ ಕಡೆಯ ಒಂದು ಟೂಲ್ ರೂಮಿನಲ್ಲಿದ್ದಾನೆ. ರೂಮಿನಲ್ಲಿ ಹೆಚ್ಚು ಸಂಬಳ ಅವನದೇ, ಕಡಿಮೆ ಮಾತೂ ಅವನದೇ.

ನಾಲ್ಕನೆಯವನು ಎಸ್‌ಎಸ್‌ಎಲ್‌ಸಿ ಆದಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ನೇರ ಎರಡನೇ ವರ್ಷದ ಬಿಇಗೆ ಸೇರಿದವನು. ಈಗ ಕೊನೇ ಸೆಮಿಸ್ಟರ್. ಸರ್ಕಾರಿ ಕೋಟಾದ ಸೀಟಾದ್ದರಿಂದ ಮನೆಯಿಂದ ಹೆಚ್ಚು ದುಡ್ಡು ಕೇಳಿಲ್ಲ.

ನಾಲ್ಕು ಜನರನ್ನು ನೋಡಿ ಇಡೀ ರಾಜ್ಯದ ತೀರ್ಪು ಕೊಡಲು ಆಗುವುದಿಲ್ಲ. ಕಂಪ್ಯೂಟರ್ ಸೈನ್ಸ್ ಮಾಡಿ ಚೆನ್ನಾಗಿರುವವರು ಸಾವಿರಾರು ಜನ ಇದ್ದಾರೆ. ಐಟಿಐ ಮಾಡಿ ಊರಲ್ಲಿ ಸುಮ್ಮನೆ ಕೂತವರೂ ಇದ್ದಾರೆ. ಆದರೆ ಊರಲ್ಲಿ ನಾವು 'ಎಂಜಿನಿಯರಿಂಗ್' ಅನ್ನುವ ಒಂದೇ ಪದದಲ್ಲಿ ಮುಗಿಸಿಬಿಡುವ ವಿಷಯಕ್ಕೆ ಎಷ್ಟು ದಾರಿಗಳಿವೆ ಅನ್ನುವುದು ಆ ಒಂದು ರೂಮಿನಲ್ಲಿ ಕಂಡಿತು.

ಒಬ್ಬರೇ ತೆರೆದ ಎರಡು ಬಾಗಿಲು

ನಮ್ಮ ಊರುಗಳಲ್ಲಿ ಎಂಜಿನಿಯರ್ ಅಂದರೆ ವಿಶ್ವೇಶ್ವರಯ್ಯನವರ ಫೋಟೊ. ಸೆಪ್ಟೆಂಬರ್ 15ಕ್ಕೆ ಶಾಲೆಯಲ್ಲಿ ಹಾರ ಹಾಕುತ್ತೇವೆ. ಅವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು, ಈಗಿನ ಯುವಿಸಿಇ ಅದೇ. ಇಷ್ಟು ಎಲ್ಲರಿಗೂ ಗೊತ್ತು.

1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಗಲು ಮುಂದೆ ನಿಂತವರೂ ಅವರೇ. ಇಂದು ನಾವು ಎಸ್‌ಜೆಪಿ ಅನ್ನುವ ಪಾಲಿಟೆಕ್ನಿಕ್ ಅದು. ಆಗ ಅವರಿಗೆ ಎಂಬತ್ತು ದಾಟಿತ್ತು. ನಕ್ಷೆ ಬರೆಯುವವರ ಜೊತೆಗೆ ಮಷಿನ್ ಮುಂದೆ ನಿಂತು ಕೆಲಸ ಮಾಡುವವರೂ ಬೇಕು ಅನ್ನುವುದು ಅವರಿಗೆ ತಿಳಿದಿತ್ತು. ನಾವು ಮೊದಲನೆಯ ಬಾಗಿಲಿಗೆ ಮಾತ್ರ ಕೈಮುಗಿದು ಎರಡನೆಯದನ್ನು ಮರೆತೆವು.

ಬೆಂಗಳೂರಿಗೆ ಸಾಫ್ಟ್‌ವೇರ್ ಬರುವ ಎಷ್ಟೋ ಮೊದಲೇ ಈ ಊರು ಕಾರ್ಖಾನೆಗಳ ಊರಾಗಿತ್ತು. ಎಚ್‌ಎಎಲ್ 1940, ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ 1948, ಆಡುಗೋಡಿಯ ಮೈಕೊ 1951, ಎಚ್‌ಎಂಟಿ 1953, ಬಿಇಎಲ್ 1954. ಹಳ್ಳಿಯಿಂದ ಬಂದು ಸೈರನ್ ಕೇಳಿ ಡ್ಯೂಟಿಗೆ ಹೋಗಿ, ಮನೆ ಕಟ್ಟಿಸಿ, ಮಕ್ಕಳನ್ನು ಓದಿಸಿದ ಒಂದು ಇಡೀ ತಲೆಮಾರು ಇದೆ. ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳ ಯಜಮಾನರು ಅಂಥ ನಿವೃತ್ತರೇ.

ಹಾಗಂತ ಕಾರ್ಖಾನೆ ಶಾಶ್ವತವೂ ಅಲ್ಲ. ದೇಶದ ಟೈಮ್ ಹೇಳಿದ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ನಮ್ಮ ತುಮಕೂರಿನಲ್ಲೂ ಅದರ ಘಟಕ ಇತ್ತು. ಕೆಲಸ ಹೋದವರ ಮನೆಗಳನ್ನು ನಾವು ನೋಡಿದ್ದೇವೆ. ಆದರೆ ಅಂಥ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರು ಹೊರಬಂದು ಪೀಣ್ಯದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು, ಒಂದು ಲೇತ್ ಹಾಕಿ, ನಾಲ್ಕು ಜನರಿಗೆ ಕೆಲಸ ಕೊಟ್ಟ ಉದಾಹರಣೆಗಳೂ ಬೇಕಾದಷ್ಟಿವೆ. ಕಂಪನಿಯ ಬೋರ್ಡು ಇಳಿದ ಮೇಲೂ ಅವರು ಕಲಿತ ಕೆಲಸ ಅವರ ಕೈಯಲ್ಲಿತ್ತು.

ವಯಸ್ಸಿನ ಲೆಕ್ಕ ಹಾಕಿ ನೋಡಿ

ಈ ಲೆಕ್ಕವನ್ನು ಆ ಡಿಪ್ಲೊಮಾ ಹುಡುಗ ನಮ್ಮ ಮುಂದೆ ಹಾಳೆ ಮೇಲೆ ಬರೆದು ತೋರಿಸಿದ. ನಿಮ್ಮ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳಿದ್ದರೆ ಇದನ್ನು ಗಮನವಿಟ್ಟು ಓದಿ.

ಎಸ್‌ಎಸ್‌ಎಲ್‌ಸಿ 16ಕ್ಕೆ ಮುಗಿಯಿತು ಅಂದುಕೊಳ್ಳಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು 22ಕ್ಕೆ ಎಂಜಿನಿಯರ್.

ಅದೇ ಹುಡುಗ ಅಥವಾ ಹುಡುಗಿ ಪಾಲಿಟೆಕ್ನಿಕ್‌ಗೆ ಸೇರಿದರೆ ಮೂರು ವರ್ಷದ ಡಿಪ್ಲೊಮಾ, 19. ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇ, ಇನ್ನು ಮೂರು ವರ್ಷ. ಅಲ್ಲೂ 22ಕ್ಕೇ ಎಂಜಿನಿಯರ್. ಒಂದು ದಿನವೂ ನಷ್ಟ ಇಲ್ಲ. ಜೊತೆಗೆ ನಡುವೆ 19ರಲ್ಲಿ ಒಂದು ನಿಲ್ದಾಣ ಸಿಗುತ್ತದೆ. ಮನೆಯಲ್ಲಿ ಕಷ್ಟ ಬಂತು, ಅಪ್ಪನಿಗೆ ಹುಷಾರು ತಪ್ಪಿತು, ಮಳೆ ಕೈಕೊಟ್ಟಿತು ಅಂದರೆ ಅಲ್ಲೇ ಇಳಿದು ಕೆಲಸಕ್ಕೆ ಸೇರಬಹುದು. ಪಿಯುಸಿ ಮಾಡಿ ಬಿಇ ಅರ್ಧಕ್ಕೆ ಬಿಟ್ಟವನ ಕೈಯಲ್ಲಿ ಪಿಯುಸಿ ಸರ್ಟಿಫಿಕೇಟ್ ಬಿಟ್ಟರೆ ಏನೂ ಇರುವುದಿಲ್ಲ.

ಐಟಿಐನಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಎಲ್ಲ ಎರಡು ವರ್ಷ, ವೆಲ್ಡರ್ ಒಂದು ವರ್ಷ. 18ಕ್ಕೆ ಸರ್ಟಿಫಿಕೇಟ್, ಒಂದು ವರ್ಷ ಅಪ್ರೆಂಟಿಸ್, 19ಕ್ಕೆ ಕೆಲಸಗಾರ. ಮುಂದೆ ಓದಬೇಕು ಅನ್ನಿಸಿದರೆ ಐಟಿಐ ಮಾಡಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ. 

ಜಿಟಿಟಿಸಿ ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು, ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಎಸ್‌ಎಸ್‌ಎಲ್‌ಸಿ ಮೇಲೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ನಿಮ್ಮ ಮನೆಯ ಪ್ಲಾಸ್ಟಿಕ್ ಬಕೆಟ್ಟಿನಿಂದ ಹಿಡಿದು ಬೈಕಿನ ಮಡ್‌ಗಾರ್ಡ್‌ವರೆಗೆ ಎಲ್ಲಕ್ಕೂ ಮೊದಲು ಒಂದು ಅಚ್ಚು ಬೇಕು. ಆ ಅಚ್ಚು ಮಾಡುವ ಕೆಲಸವೇ ಇದು. ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಿಂದ ನಡೆಸುತ್ತಿರುವ ತರಬೇತಿ ಸಂಸ್ಥೆಯೂ ಇದೆ. ಗ್ರಾಮೀಣ ಬಡ ಮನೆಗಳ ಎಸ್‌ಎಸ್‌ಎಲ್‌ಸಿ ಪಾಸಾದ ಮಕ್ಕಳನ್ನು ಆರಿಸಿಕೊಂಡು ಮೂರು ವರ್ಷ ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಆದರೂ ಪರೀಕ್ಷೆ ಬರೆಸಿ ನೋಡಿ.

ಬಿಇ ಬೇಡ ಅನ್ನುತ್ತಿಲ್ಲ

ಇಷ್ಟು ಓದಿ "ಇವರು ಹಳ್ಳಿ ಮಕ್ಕಳು ಐಟಿಐನಲ್ಲೇ ಇರಲಿ ಅಂತಾರೆ" ಅಂದುಕೊಳ್ಳಬೇಡಿ. ಪಟ್ಟಣದವರ ಮಕ್ಕಳು ಎಂಜಿನಿಯರು, ನಮ್ಮ ಮಕ್ಕಳು ಫಿಟ್ಟರು ಅನ್ನುವ ಲೆಕ್ಕ ನಮಗೂ ಬೇಡ. ಗಣಿತ, ಭೌತಶಾಸ್ತ್ರ ಚೆನ್ನಾಗಿ ಬರುವ ಮಕ್ಕಳು ಧೈರ್ಯವಾಗಿ ಬಿಇ ಮಾಡಲಿ. ಸೀಟನ್ನು ದುಡ್ಡಿನಿಂದ ಕೊಳ್ಳುವ ಮೊದಲು ಸರ್ಕಾರ ಕೊಟ್ಟಿರುವ ದಾರಿಗಳನ್ನು ಪೂರ್ತಿ ನೋಡಲಿ.

ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದವರಿಗೆ 371-ಜೆ ಇದೆ. ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲದ ಶೇ 5 ಹೆಚ್ಚುವರಿ ಸೀಟುಗಳಿವೆ, ಎಸ್‌ಎನ್‌ಕ್ಯೂ ಅನ್ನುತ್ತಾರೆ. ಇವಕ್ಕೆಲ್ಲ ಬೇಕಾದ್ದು ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಬಿಇಒ ಸಹಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅರ್ಜಿ ತುಂಬುವಾಗಲೇ ಈ ಕಲಂಗಳನ್ನು ತುಂಬಿರಬೇಕು. ಸೈಬರ್ ಸೆಂಟರ್‌ನವನು ಅವಸರದಲ್ಲಿ 'ಇಲ್ಲ' ಅಂತ ಒತ್ತಿದರೆ ನಿಮ್ಮ ಹತ್ತು ವರ್ಷದ ಹಳ್ಳಿ ಶಾಲೆ ಲೆಕ್ಕಕ್ಕೇ ಬರುವುದಿಲ್ಲ. ಪಕ್ಕದಲ್ಲಿ ಕೂತು ಓದಿಸಿ ನೋಡಿ.

ಇಷ್ಟೆಲ್ಲ ಆದಮೇಲೂ ಸೀಟು ಸಿಗಲಿಲ್ಲ, ಜಮೀನು ಮಾರಿದರೆ ಮಾತ್ರ ಸಿಗುತ್ತದೆ ಅಂದರೆ ನಮ್ಮ ಮಾತು ಸ್ಪಷ್ಟ. ಬೇಡ.

ಯಾಕೆ ಅಂತ ಲೆಕ್ಕದಲ್ಲೇ ಹೇಳುತ್ತೇವೆ. 14 ಲಕ್ಷ ಹಾಕಿ ಓದಿದ ಹುಡುಗ ತಿಂಗಳಿಗೆ 5 ಸಾವಿರ ಉಳಿಸಿ ಮನೆಗೆ ಕಳಿಸಿದರೆ ವರ್ಷಕ್ಕೆ 60 ಸಾವಿರ. ಬಡ್ಡಿ ಬಿಟ್ಟರೂ ಅಸಲು ತೀರಲು 23 ವರ್ಷ ಬೇಕು. ತಿಂಗಳಿಗೆ 20 ಸಾವಿರ ಉಳಿಸುವ ಕೆಲಸ ಸಿಕ್ಕರೆ ಆರು ವರ್ಷದಲ್ಲಿ ತೀರುತ್ತದೆ, ನಿಜ. ಆದರೆ ಅಂಥ ಕೆಲಸ ಸಿಗುವ ಖಾತ್ರಿಯನ್ನು ಸೀಟು ಕೊಡಿಸುವವರು ಬರೆದುಕೊಡುವುದಿಲ್ಲ. ಸರ್ಕಾರವೇ 2024ರಿಂದ ಯುವನಿಧಿ ಅಂತ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತಿದೆ. ಡಿಗ್ರಿ ಕೈಗೆ ಬಂದ ತಕ್ಷಣ ಕೆಲಸ ಬರುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಮಾರಿದ ಇಪ್ಪತ್ತು ಗುಂಟೆಯನ್ನು ಅದೇ ಬೆಲೆಗೆ ಯಾರೂ ವಾಪಸ್ ಕೊಡುವುದಿಲ್ಲ ಅನ್ನುವುದನ್ನು ಮಾತ್ರ ನಾವು ಖಾತ್ರಿಯಾಗಿ ಹೇಳಬಲ್ಲೆವು.

ನಮ್ಮದೂ ಒಂದು ಕಥೆ ಇದೆ

ಐಟಿಐ ಬಗ್ಗೆ ಇಷ್ಟು ಹೇಳಿದವರು ನಮ್ಮ ಅನುಭವವನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಎಸ್‌ಎಸ್‌ಎಲ್‌ಸಿ ಆದಮೇಲೆ ನಾವೂ ಒಂದು ಖಾಸಗಿ ಐಟಿಐಗೆ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿದ್ದೆವು. ಎರಡು ವರ್ಷದಲ್ಲಿ ಮೋಟರ್ ಬಿಚ್ಚಿದ್ದು ಒಂದೇ ಸಲ, ಅದೂ ತಪಾಸಣೆಗೆ ಬರುತ್ತಾರೆ ಅಂತ. ವೈಂಡಿಂಗ್ ಮಷಿನ್ ಬೀಗ ಹಾಕಿದ ರೂಮಿನಲ್ಲಿತ್ತು. ಪ್ರಾಕ್ಟಿಕಲ್ ರೆಕಾರ್ಡ್ ಬುಕ್ಕನ್ನು ಒಬ್ಬನದು ನೋಡಿ ಇನ್ನೊಬ್ಬ ಬರೆದೆವು. ಸರ್ಟಿಫಿಕೇಟ್ ಹಿಡಿದು ಮೊದಲ ಕೆಲಸಕ್ಕೆ ಹೋದಾಗ ಮೇಸ್ತ್ರಿ ಒಂದು ಸ್ಟಾರ್ಟರ್ ಕೈಗೆ ಕೊಟ್ಟು ಕನೆಕ್ಷನ್ ಕೊಡು ಅಂದರು. ಬರಲಿಲ್ಲ. ಅವರು ಬೈಯಲೂ ಇಲ್ಲ, "ಹೋಗಿ ಟೀ ತಗಂಬಾ" ಅಂದರು. ಮೂರು ತಿಂಗಳು ಟೀ ತಂದು ಬಿಟ್ಟುಬಂದೆವು. ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಆದ್ದರಿಂದ ಕೋರ್ಸಿನ ಹೆಸರು ನೋಡಿ ಸೇರಬೇಡಿ, ವರ್ಕ್‌ಶಾಪ್ ನೋಡಿ ಸೇರಿ. ಕಾಲೇಜು ನಡೆಯುವ ದಿನ, ಬೆಳಿಗ್ಗೆ 11 ಗಂಟೆಗೆ ಹೋಗಿ. ಮಷಿನ್‌ಗಳ ಮೇಲೆ ಎಣ್ಣೆ ಇದೆಯೋ ದೂಳು ಇದೆಯೋ ನೋಡಿ. ಲೇತ್ ಕೆಳಗೆ ಕಬ್ಬಿಣದ ಚೂರು ಬಿದ್ದಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ. ಎರಡನೇ ವರ್ಷದ ಹುಡುಗನೊಬ್ಬನನ್ನು ಪಕ್ಕಕ್ಕೆ ಕರೆದು "ಮಷಿನ್ ಮೇಲೆ ವಾರಕ್ಕೆ ಎಷ್ಟು ಗಂಟೆ ನಿಲ್ತೀಯ?" ಅಂತ ಕೇಳಿ. ಐಟಿಐ ಆದರೆ ಎನ್‌ಸಿವಿಟಿ ಮಾನ್ಯತೆ ಇದೆಯೇ, ನಿಮ್ಮ ಟ್ರೇಡಿಗೇ ಇದೆಯೇ ಕೇಳಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಲಾಗಿದೆ, ಹೊಸ ಮಷಿನ್‌ಗಳು ಬಂದಿವೆ. ನಿಮ್ಮ ತಾಲ್ಲೂಕಿನದು ಆ 150ರಲ್ಲಿ ಇದೆಯಾ ವಿಚಾರಿಸಿ. ಮಷಿನ್ ಬಂದರೆ ಸಾಲದು, ಕಲಿಸುವವರೂ ಇರಬೇಕು. ಖಾಲಿ ಬಿದ್ದ ಬೋಧಕರ ಹುದ್ದೆಗಳನ್ನು ತುಂಬಿ ಅಂತ ಶಾಸಕರನ್ನು ಕೇಳುವುದು ನಮ್ಮ ಕೆಲಸ. ರಸ್ತೆ, ದೇವಸ್ಥಾನಕ್ಕೆ ಅರ್ಜಿ ಕೊಡುವ ನಾವು ಐಟಿಐಗೆ ಮೇಷ್ಟ್ರು ಕೊಡಿ ಅಂತ ಅರ್ಜಿ ಕೊಟ್ಟಿದ್ದನ್ನು ನಾವಂತೂ ನೋಡಿಲ್ಲ.

ಕಾರ್ಖಾನೆಯೊಳಗಿನ ಮಾತು

ಟರ್ನರ್ ಹುಡುಗನಿಗೆ ಕೆಲಸ ಹೇಗಿರುತ್ತೆ ಅಂತ ಚಿಕ್ಕಪ್ಪನ ಮಗ ಕೇಳಿದ. ಅವನು ಬ್ಯಾಗಿನಿಂದ ಒಂದು ಮೈಕ್ರೊಮೀಟರ್ ತೆಗೆದು ಹುಡುಗನ ತಲೆಯಿಂದ ಒಂದು ಕೂದಲು ಕಿತ್ತು ಅಳೆದು ತೋರಿಸಿದ. "ನೋಡು, ಹತ್ತಿರ ಹತ್ತಿರ 70 ಮೈಕ್ರಾನ್. ಒಂದು ಮಿಲಿಮೀಟರನ್ನ ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ಜಾಬ್‌ನಲ್ಲಿ ಹತ್ತು ಮೈಕ್ರಾನ್ ಆಚೀಚೆ ಆದರೆ ರಿಜೆಕ್ಟ್." ಹುಡುಗನ ಕಣ್ಣು ಅಗಲವಾಯಿತು. ಇಷ್ಟು ದಿನ ಲೇತ್ ಅಂದರೆ ಸಂತೆ ಪೇಟೆಯ ವೆಲ್ಡಿಂಗ್ ಅಂಗಡಿ ಪಕ್ಕದ ಕರಿ ಕೈಯ ಕೆಲಸ ಅಂದುಕೊಂಡಿದ್ದ.

ಟರ್ನರ್ ಇನ್ನೊಂದು ಮಾತೂ ಹೇಳಿದ. ಬಟನ್ ಒತ್ತಿ ಜಾಬ್ ಹಾಕಿ ತೆಗೆಯುವ ಆಪರೇಟರ್ ಆಗಿಯೇ ಉಳಿದರೆ ಹತ್ತು ವರ್ಷ ಆದರೂ ಸಂಬಳ ಅಲ್ಲಲ್ಲೇ. ಡ್ರಾಯಿಂಗ್ ಓದಲು ಕಲಿತು, ಸೆಟ್ಟಿಂಗ್ ಕಲಿತು, ಪ್ರೋಗ್ರಾಮ್ ಬರೆಯಲು ಕಲಿತರೆ ಮೇಲೆ ಹೋಗುತ್ತಾರೆ. ಅದನ್ನು ಯಾರೂ ಕರೆದು ಕಲಿಸುವುದಿಲ್ಲ. ಶಿಫ್ಟ್ ಮುಗಿದ ಮೇಲೆ ಸೀನಿಯರ್ ಪಕ್ಕದಲ್ಲಿ ಒಂದು ಗಂಟೆ ನಿಂತು ಕಲಿಯಬೇಕು.

ಕಷ್ಟಗಳೂ ಇವೆ, ಅವನ್ನೂ ಹೇಳಬೇಕು. ಶಿಫ್ಟ್ ಬದಲಾದಾಗಲೆಲ್ಲ ನಿದ್ದೆ ಕೆಡುತ್ತದೆ. ಪವರ್ ಪ್ರೆಸ್‌ನಲ್ಲಿ ಗಾರ್ಡ್ ತೆಗೆದು ಕೆಲಸ ಮಾಡಿಸಿದರೆ ಬೆರಳು ಹೋಗುತ್ತದೆ. ಕಾಯಂ ಕೆಲಸ ಕಡಿಮೆಯಾಗಿ ಗುತ್ತಿಗೆ ಕೆಲಸ ಹೆಚ್ಚಾಗಿದೆ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ಕಾರ್ಮಿಕರು ಸಿಟ್ಟಿಗೆದ್ದು ಗಾಜು ಪುಡಿಯಾದದ್ದು ನಿಮಗೆ ನೆನಪಿರಬಹುದು. ಅಲ್ಲಿ ಹೆಚ್ಚಿನವರು ಗುತ್ತಿಗೆಯವರು, ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು. ಆ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಗೆ ಬಂತು. ಗಾಜು ಒಡೆದದ್ದನ್ನು ನಾವು ಒಪ್ಪುವುದಿಲ್ಲ. ಸಂಬಳದ ಲೆಕ್ಕ ಕೇಳಲು ಸರಿಯಾದ ಬಾಗಿಲು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಮರೆಯಬಾರದು.

ಅದಕ್ಕೇ ಸೇರುವ ದಿನವೇ ಕೆಲವು ವಿಷಯ ಕೇಳಿಕೊಳ್ಳಿ. ಆಫರ್ ಲೆಟರ್‌ನಲ್ಲಿ ಯಾರ ಹೆಸರಿದೆ, ಕಂಪನಿಯದೋ ಗುತ್ತಿಗೆದಾರನದೋ? ಪಿಎಫ್ ನಂಬರ್ ಕೊಡುತ್ತಾರಾ? ತಿಂಗಳಿಗೆ 21 ಸಾವಿರದೊಳಗಿನ ಸಂಬಳಕ್ಕೆ ಇಎಸ್‌ಐ ಅನ್ವಯಿಸುತ್ತದೆ, ಕಾರ್ಡ್ ಕೇಳಿ ಪಡೆಯಿರಿ. ಕಾರ್ಖಾನೆಯಲ್ಲಿ ಓವರ್‌ಟೈಮ್‌ಗೆ ಎರಡು ಪಟ್ಟು ಸಂಬಳ ಅನ್ನುವುದು ಕಾನೂನು. 'ಅಪ್ರೆಂಟಿಸ್' ಅಂದರೆ 1961ರ ಕಾಯ್ದೆ ಪ್ರಕಾರ ಕರಾರು ಇರಬೇಕು, ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಇರಬೇಕು, ಕೊನೆಗೆ ಸರ್ಟಿಫಿಕೇಟ್ ಸಿಗಬೇಕು. ಅದಕ್ಕೆ ಕನಿಷ್ಠ ಸ್ಟೈಪೆಂಡ್ ಎಷ್ಟು ಅಂತ ನಿಗದಿಯಾಗಿದೆ. 2019ರ ನಿಯಮದಲ್ಲೇ ಓದಿಗೆ ತಕ್ಕಂತೆ 5 ಸಾವಿರದಿಂದ 9 ಸಾವಿರದವರೆಗೆ ಇತ್ತು. ಇದ್ಯಾವುದೂ ಇಲ್ಲದೆ ಬರೀ 'ಟ್ರೈನಿ' ಅಂದರೆ ಹುಷಾರಾಗಿರಿ. ಕೆಲಸ ಕೊಡಿಸುತ್ತೇವೆ ಅಂತ ಮೊದಲೇ ದುಡ್ಡು ಕೇಳುವವರ ಹತ್ತಿರ ಹೋಗಲೇಬೇಡಿ.

ಹೆಣ್ಣುಮಕ್ಕಳ ಮಾತು

ಟರ್ನರ್ ಹುಡುಗನ ಅಕ್ಕ ಅಲ್ಲೇ ಎರಡು ರಸ್ತೆ ಆಚೆ ಪಿಜಿಯಲ್ಲಿದ್ದಾರೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಸರ್ಕ್ಯೂಟ್ ಬೋರ್ಡ್ ಪರೀಕ್ಷಿಸುವ ವಿಭಾಗದಲ್ಲಿ ಕೆಲಸ. ಸಂಜೆ ತಮ್ಮನ ರೂಮಿಗೆ ಸಾರು ತಂದಿದ್ದರು. "ನಮ್ಮೂರಲ್ಲಿ ಹೆಣ್ಣುಮಕ್ಕಳು ಅಂದ್ರೆ ಬಿಎ, ಬಿಕಾಂ, ಇಲ್ಲಾ ಡಿಎಡ್. ಪಾಲಿಟೆಕ್ನಿಕ್ ಅಂದಾಗ ಅಜ್ಜಿ, ಸ್ಕ್ರೂ ಡ್ರೈವರ್ ಹಿಡಿದವಳನ್ನ ಯಾರು ಮದುವೆ ಆಗ್ತಾರೆ ಅಂದಿದ್ರು. ಈಗ ಅಜ್ಜಿ ಕಣ್ಣಿನ ಆಪರೇಷನ್ ನನ್ನ ದುಡ್ಡಲ್ಲೇ ಆಯ್ತು," ಅಂದರು.

ಹೆಣ್ಣುಮಕ್ಕಳನ್ನು ಕಳಿಸುವ ಮೊದಲು ಕಂಪನಿ ಬಸ್ ಮನೆ ಹತ್ತಿರಕ್ಕೆ ಬರುತ್ತದಾ, ರಾತ್ರಿ ಪಾಳಿ ಇದೆಯಾ, ದೂರು ಕೇಳುವ ಸಮಿತಿ ಇದೆಯಾ ವಿಚಾರಿಸಬೇಕು. ಕಾರ್ಖಾನೆ ಕಾಯ್ದೆಗೆ 2023ರಲ್ಲಿ ಕರ್ನಾಟಕ ತಂದ ತಿದ್ದುಪಡಿಯಲ್ಲಿ ಮಹಿಳೆಯರಿಗೂ ರಾತ್ರಿ ಪಾಳಿಗೆ ಅವಕಾಶ ಬಂತು, ಅವರ ಒಪ್ಪಿಗೆ ಇರಬೇಕು. ವಿಚಾರಿಸಿ ಕಳಿಸಿ. ಹೆದರಿ ಮನೆಯಲ್ಲಿ ಕೂರಿಸಬೇಡಿ.

ಊರಿಗೆ ವಾಪಸ್

ಬೆಂಗಳೂರಿಗೇ ಬರಬೇಕು ಅಂತಲೂ ಇಲ್ಲ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ತುಮಕೂರು ಪಕ್ಕದ ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶ ಇದೆ. ಬೆಳಗಾವಿ, ಶಿವಮೊಗ್ಗದಲ್ಲಿ ಫೌಂಡ್ರಿಗಳಿವೆ, ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವವರಿದ್ದಾರೆ. ಕೆಲಸ ಕಲಿತವರು ಊರಲ್ಲೇ ಮೋಟರ್ ರಿವೈಂಡಿಂಗ್, ಟ್ರ್ಯಾಕ್ಟರ್ ಉಪಕರಣದ ವರ್ಕ್‌ಶಾಪ್ ಹಾಕಿಕೊಂಡದ್ದೂ ಇದೆ. ಬೇಸಿಗೆಯಲ್ಲಿ ಪಂಪ್ ಸುಟ್ಟಾಗ ರಿವೈಂಡಿಂಗ್ ಅಂಗಡಿ ಮುಂದೆ ಎಷ್ಟು ಜನ ಕಾಯುತ್ತಾರೆ ಅಂತ ನಿಮಗೇ ಗೊತ್ತು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುವವರು ನಾವೇ. ಹೆಣ್ಣು ಕೊಡುವಾಗ "ಹುಡುಗ ಸಾಫ್ಟ್‌ವೇರಾ?" ಅಂತ ಕೇಳುವವರೂ ನಾವೇ. ಡಿಗ್ರಿಗೆ ಸಾಲ ಮಾಡಿಸುತ್ತಿರುವುದು ಅರ್ಧ ಈ ಪ್ರಶ್ನೆಯೇ ಅಂತ ನಮಗನ್ನಿಸುತ್ತದೆ. ಇದಕ್ಕೆ ಸರ್ಕಾರ ಏನೂ ಮಾಡಲಾಗದು.

ವಾಪಸ್ ಬಸ್ಸಿನಲ್ಲಿ ಚಿಕ್ಕಪ್ಪನ ಮಗ ತುಂಬಾ ಹೊತ್ತು ಮಾತಾಡಲಿಲ್ಲ. ನೆಲಮಂಗಲ ದಾಟಿದ ಮೇಲೆ "ಅಣ್ಣಾ, ನಂಗೆ ಕಂಪ್ಯೂಟರ್ ಸೈನ್ಸ್ ಬೇಕು ಅಂತ ನಾನು ಯಾವತ್ತೂ ಹೇಳಿರಲಿಲ್ಲ," ಅಂದ. ಮನೆಯಲ್ಲಿ ಯಾರೂ ಅವನನ್ನು ಕೇಳಿಯೇ ಇರಲಿಲ್ಲ, ನಾವೂ ಕೇಳಿರಲಿಲ್ಲ.

ಚಿಕ್ಕಪ್ಪನ ಜೊತೆ ರಾತ್ರಿ ಹತ್ತರವರೆಗೆ ಮಾತಾಡಿದೆವು. ಅವರು ಪೂರ್ತಿ ಒಪ್ಪಿಲ್ಲ. "ಜನ ಏನಂತಾರೆ" ಅಂತ ಎರಡು ಸಲ ಅಂದರು. ಕೊನೆಗೆ ಇಷ್ಟು ತೀರ್ಮಾನ ಆಗಿದೆ. ರ‍್ಯಾಂಕ್ ಬಂದ ಮೇಲೆ ಸರ್ಕಾರಿ ಕೋಟಾದಲ್ಲಿ ಸಿಗುವ ಕಾಲೇಜುಗಳಿಗೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೊದಲು ಹಾಕುವುದು, ಎಸ್‌ಎನ್‌ಕ್ಯೂ ಸೀಟಿಗೂ ಪ್ರಯತ್ನಿಸುವುದು. ಸಿಗದಿದ್ದರೆ ಪಾಲಿಟೆಕ್ನಿಕ್. ಪಿಯುಸಿ ವಿಜ್ಞಾನ ಮಾಡಿದವರಿಗೆ ಅಲ್ಲೂ ನೇರ ಎರಡನೇ ವರ್ಷಕ್ಕೆ ಅವಕಾಶ ಇದೆ. ಸೇರುವ ಮೊದಲು ಅಪ್ಪ ಮಗ ಇಬ್ಬರೂ ಹೋಗಿ ವರ್ಕ್‌ಶಾಪ್ ನೋಡಿಬರುವುದು. ಜಮೀನಿನ ಮಾತು ಸದ್ಯಕ್ಕೆ ಇಲ್ಲ.

ಮಲಗುವ ಮೊದಲು ಚಿಕ್ಕಪ್ಪ "ಆ ಟರ್ನರ್ ಹುಡುಗನ ನಂಬರ್ ಕೊಡು" ಅಂದರು. ಯಾಕೆ ಅಂದೆವು. "ಮೋಟರ್ ಶಾಫ್ಟ್ ಸವೆದಿದೆ, ಅವನು ಮಾಡಿಕೊಡ್ತಾನಾ ಕೇಳ್ತೀನಿ," ಅಂದರು.